ಕಾರ್ಪೆಟ್ ಮೇಲಿನ ಕಾಫಿ ಕಲೆ ಎಷ್ಟು ತೊಳೆದರೂ ಮತ್ತೆ ಮೇಲೆ ಬರುತ್ತಿದೆ, ಏನು ಮಾಡಲಿ?

ಹೂಬಿಸಿಲು
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದ ಹಿಂದೆ ಹಾಲ್‌ನ ಕಾರ್ಪೆಟ್ ಮೇಲೆ ಒಂದು ಲೋಟ ಕಾಫಿ ಪೂರ್ತಿ ಚೆಲ್ಲಿತು. ಎಂಟಡಿ ಉದ್ದ, ಐದಡಿ ಅಗಲದ ಕಾರ್ಪೆಟ್. ತಿಳಿ ಕೆನೆ ಬಣ್ಣ, ಹಾಗಾಗಿ ಕಲೆ ಬಾಗಿಲಿನಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಒಂದು ವಿಡಿಯೋ ನೋಡಿಕೊಂಡು ಅಡುಗೆ ಸೋಡಾ ಉದುರಿಸಿದೆ. ಮೇಲೆ ವಿನೆಗರ್ ಸುರಿದು ಬ್ರಶ್‌ನಲ್ಲಿ ಉಜ್ಜಿದೆ. ನೊರೆ ಬುಸ್ಸೆಂದು ಬಂತು. ಸಾಲದು ಅನ್ನಿಸಿ ಅರ್ಧ ಬಕೆಟ್ ನೀರಿಗೆ ಬಟ್ಟೆ ತೊಳೆಯುವ ಪೌಡರ್ ಕಲಸಿ ಅದರಲ್ಲೂ ಉಜ್ಜಿದೆ. ಸಂಜೆಗೆ ಕಲೆ ಮಾಯ. ಮರುದಿನ ಒಣಗಿದ ಮೇಲೆ ನೋಡಿದರೆ ಅದೇ ಜಾಗದಲ್ಲಿ ಕಂದು ಉಂಗುರ. ಮೂರು ಸಲವೂ ಹೀಗೇ ಆಯಿತು. ಈಗ ಅಲ್ಲಿ ಕಾಲಿಟ್ಟರೆ ಅಂಟಂಟು, ಮುಗ್ಗಲು ವಾಸನೆ ಬೇರೆ.

ಇದು ಅಮ್ಮ ಬಳಸುತ್ತಿದ್ದ ಕಾರ್ಪೆಟ್. ಅವರು ಈಗ ಇಲ್ಲ. ಬಿಸಾಡಿ ಹೊಸದು ತನ್ನಿ ಅಂತ ಮಾತ್ರ ಯಾರೂ ಹೇಳಬೇಡಿ. ಮನೆಯಲ್ಲೇ ಸರಿಹೋಗುತ್ತದಾ?

ಗುಬ್ಬಿಗೂಡು
ಅಯ್ಯೋ, ಉಜ್ಜಬಾರದಿತ್ತು. ಬಟ್ಟೆ ಇಟ್ಟು ಒತ್ತಬೇಕಿತ್ತು.

ಮೂರನೇ ಮಹಡಿ
ತಿಳಿ ಬಣ್ಣ ತಾನೆ? ಸ್ವಲ್ಪ ಬ್ಲೀಚ್ ನೀರಿಗೆ ಬೆರೆಸಿ ಹಾಕಿ. ನಮ್ಮ ಬಾತ್‌ರೂಮಿನ ಮ್ಯಾಟ್‌ಗೆ ನಾನು ಅದನ್ನೇ ಮಾಡುವುದು. ಬೆಳ್ಳಗೆ ಬರುತ್ತದೆ.

ಹಳೇ ಕೈ
ದಯವಿಟ್ಟು ಬ್ಲೀಚ್ ಮುಟ್ಟಬೇಡಿ. ಇಪ್ಪತ್ತು ವರ್ಷದಿಂದ ಕಾರ್ಪೆಟ್ ತೊಳೆಯುವುದೇ ನನ್ನ ಕೆಲಸ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ. ಬಾತ್‌ರೂಮ್ ಮ್ಯಾಟ್ ಹತ್ತಿಯದಿರುತ್ತದೆ, ಅದು ತಡೆದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ಬ್ಲೀಚ್ ಬಿದ್ದರೆ ಮೊದಲು ಹಳದಿಯಾಗುತ್ತದೆ, ಆಮೇಲೆ ಎಳೆಯೇ ಕರಗುತ್ತದೆ.

ಹೂಬಿಸಿಲು ಅವರೇ, ಮುಂದೆ ಏನು ಮಾಡಬೇಕು ಅನ್ನುವುದಕ್ಕಿಂತ ಮೊದಲು ಮೂರು ವಿಷಯ ಹೇಳಿ. ಎಳೆ ಉಣ್ಣೆಯದಾ, ನೈಲಾನಾ? ತಿರುಗಿಸಿ ನೋಡಿದರೆ ಹಿಂಬದಿ ಹೇಗಿದೆ? ಕಂದು ಉಂಗುರ ಕಾಫಿ ಬಿದ್ದಷ್ಟೇ ಅಗಲ ಇದೆಯಾ ಅಥವಾ ದೊಡ್ಡದಾಗಿದೆಯಾ? ಮೂರನೆಯದು ತುಂಬಾ ಮುಖ್ಯ.

ರಸಾಯನ ಮೇಷ್ಟ್ರು
ಇನ್ನೊಂದು ಕಾರಣಕ್ಕೂ ಬ್ಲೀಚ್ ಬೇಡ. ಅಲ್ಲಿ ಆಗಲೇ ವಿನೆಗರ್ ಸುರಿದಿದ್ದಾರೆ. ಬ್ಲೀಚ್ ಜೊತೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಆಟವಲ್ಲ. ಬೆಕ್ಕು, ನಾಯಿ ಉಚ್ಚೆ ಹೊಯ್ದ ಜಾಗಕ್ಕೂ ಬ್ಲೀಚ್ ಹಾಕಬಾರದು. ಅಲ್ಲಿರುವ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ, ಅದೂ ವಿಷವೇ.

ಇನ್ನು ಸೋಡಾ, ವಿನೆಗರ್ ವಿಷಯ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ಮುಗಿಸಿಬಿಡುತ್ತವೆ. ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಬುಸ್ಸೆಂದು ಬರುವುದು ಇಂಗಾಲದ ಡೈಆಕ್ಸೈಡ್. ನೊರೆ ನೋಡಲು ಚೆನ್ನ, ಕಲೆ ತೆಗೆಯುವ ಶಕ್ತಿ ಅದರಲ್ಲಿ ಇಲ್ಲ.

ಸೂಜಿದಾರ
ಮೇಷ್ಟ್ರೇ, ಒಪ್ಪುವುದಿಲ್ಲ. ಹತ್ತು ವರ್ಷದಿಂದ ಸೋಡಾ, ವಿನೆಗರ್ ಎರಡನ್ನೇ ಬಳಸುತ್ತಿದ್ದೇನೆ. ಕಲೆ ಹೋಗುತ್ತದೆ. ಕಣ್ಣಾರೆ ಕಂಡಿದ್ದನ್ನು ಇಲ್ಲ ಅನ್ನಲಾ?

ರಸಾಯನ ಮೇಷ್ಟ್ರು
ಕಲೆ ಹೋಗಿರುತ್ತದೆ ಅಕ್ಕ, ಅದನ್ನು ಇಲ್ಲ ಅನ್ನುತ್ತಿಲ್ಲ. ಹೋಗಿದ್ದು ನೀರಿನಿಂದ ಮತ್ತು ನಿಮ್ಮ ಕೈಯಿಂದ. ಮುಂದಿನ ಸಲ ಕಲೆಯ ಅರ್ಧ ಭಾಗಕ್ಕೆ ಸುಮ್ನೆ ಉಗುರುಬೆಚ್ಚಗಿನ ನೀರು ಹಾಕಿ ಒತ್ತಿ, ಇನ್ನರ್ಧಕ್ಕೆ ನಿಮ್ಮ ಪದ್ಧತಿ ಮಾಡಿ. ನೋಡಿ ಹೇಳಿ.

ಬೇರೆ ಬೇರೆಯಾಗಿ ಹಾಕಿದರೆ ಎರಡಕ್ಕೂ ಬೆಲೆ ಇದೆ. ಒಣ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟರೆ ವಾಸನೆ ಹೀರುತ್ತದೆ. ನೀರು ಬೆರೆಸಿದ ವಿನೆಗರ್ ಸೋಪಿನ ಪುಡಿಯ ಕ್ಷಾರವನ್ನು ಇಳಿಸುತ್ತದೆ. ಜೊತೆಗೆ ಹಾಕಬೇಡಿ ಅನ್ನುವುದಷ್ಟೇ ನನ್ನ ಮಾತು.

ಕಿಟಕಿ
ಸೋಡಾ ಜಾಸ್ತಿ ಹಾಕಿದರೆ ವ್ಯಾಕ್ಯೂಮ್‌ನ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತುಂಬಾ ನುಣ್ಣನೆ ಪುಡಿ ಅದು. ನಮ್ಮದು ಹಾಗೇ ಎಳೆಯುವುದು ನಿಲ್ಲಿಸಿತ್ತು. ಫಿಲ್ಟರ್ ತೆಗೆದು ತಟ್ಟಿದರೆ ಹಿಟ್ಟಿನ ಗಿರಣಿಯ ಹಾಗೆ ಧೂಳು ಎದ್ದಿತು.

ಹೂಬಿಸಿಲು
ಎಲ್ಲರಿಗೂ ಥ್ಯಾಂಕ್ಸ್. ಹಳೇ ಕೈ ಸರ್, ಎಳೆ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಹಿಂಬದಿ ತಿರುಗಿಸಿದೆ. ಮುಂದಿರುವ ಹೂವಿನ ಚಿತ್ರವೇ ಹಿಂದೆಯೂ ಕಾಣುತ್ತಿದೆ, ಸಣ್ಣ ಸಣ್ಣ ಗಂಟುಗಳ ಸಾಲು ಇದೆ. ಕಾಫಿ ಚೆಲ್ಲಿದಾಗ ಒಂದು ಗೇಣು ಅಗಲ ಇತ್ತು. ಉಂಗುರ ಈಗ ಎರಡು ಗೇಣಿನ ಹತ್ತಿರ ಇದೆ. ನೀವು ಕೇಳುವವರೆಗೂ ಅದನ್ನು ಗಮನಿಸಿರಲಿಲ್ಲ.

ಗುಬ್ಬಿಗೂಡು
ಅಂಚಿನ ಕುಚ್ಚಿನಿಂದ ಒಂದು ದಾರ ಕತ್ತರಿಸಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ.

ಹಳೇ ಕೈ
ಕುಚ್ಚಿನಿಂದ ಬೇಡ. ಕೈಯಲ್ಲಿ ಗಂಟು ಹಾಕಿದ ಕಾರ್ಪೆಟ್‌ನಲ್ಲಿ ಕುಚ್ಚು ಅಂದರೆ ಹಾಸಿನ ದಾರದ, ಅಂದರೆ ಗಂಟುಗಳನ್ನು ಕಟ್ಟಿರುವ ಬುಡದ ದಾರದ ತುದಿ, ಅದು ಹೆಚ್ಚಾಗಿ ಹತ್ತಿ. ಮೇಲಿನ ಎಳೆ ಉಣ್ಣೆ ಆಗಿದ್ದರೂ ಕುಚ್ಚು ಹತ್ತಿ ಅಂತಲೇ ತೋರಿಸುತ್ತದೆ. ಚಿತ್ರ ಇರುವ ಕಡೆಯಿಂದ, ಮೂಲೆಯಲ್ಲಿ ಎರಡು ಎಳೆ ಕೀಳಿ. ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನಾಗಿ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಜಾತಿ. ಕಾಗದದ ಹಾಗೆ ಸರಸರ ಉರಿದರೆ ಹತ್ತಿ ಅಥವಾ ವಿಸ್ಕೋಸ್.

ಉಂಗುರ ದೊಡ್ಡದಾಗಿದೆ ಅಂದಿರಲ್ಲ, ಅದರ ಬಗ್ಗೆ ರಾತ್ರಿ ಕೆಲಸ ಮುಗಿಸಿ ಬರೆಯುತ್ತೇನೆ.

ನವಿಲುಗರಿ
ವಿಸ್ಕೋಸ್ ಇದ್ದರೆ ನೀರೇ ಮುಟ್ಟಿಸಬೇಡಿ. ರೇಷ್ಮೆಯ ಹಾಗೆ ಹೊಳೆಯುತ್ತದೆ ಅಂತ ಆಸೆಪಟ್ಟು ತಂದಿದ್ದೆ. ನೀರಿನ ಲೋಟ ಉರುಳಿತು, ಬರೀ ನೀರು. ಒಣಗಿದ ಮೇಲೆ ಆ ಜಾಗ ಹಳದಿ, ಎಳೆಗಳು ಹುಲ್ಲಿನ ಹಾಗೆ ಒರಟು. ಒದ್ದೆಯಾದಾಗ ವಿಸ್ಕೋಸ್ ಎಳೆಯ ಬಲ ಅರ್ಧಕ್ಕಿಂತ ಕಡಿಮೆಯಾಗಬಹುದು ಅಂತ ಆಮೇಲೆ ಗೊತ್ತಾಯಿತು. ಕೊಳ್ಳುವಾಗ ಯಾರೂ ಹೇಳಲಿಲ್ಲ.

ಬೆಕ್ಕಿನ ಮನೆ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಬೆಕ್ಕು ಒಂದೇ ಮೂಲೆಗೆ ಹೋಗಿ ಉಚ್ಚೆ ಮಾಡುತ್ತದೆ. ಶಾಂಪೂ ಹಾಕಿ ತೊಳೆದೆ, ಎರಡು ವಾರ ಏನೂ ಇರಲಿಲ್ಲ. ಮಳೆ ಬಂದ ದಿನ ಮನೆಯೆಲ್ಲಾ ಗಬ್ಬು ವಾಸನೆ. ಏನಿದು?

ರಸಾಯನ ಮೇಷ್ಟ್ರು
ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ಹರಳಾಗಿ ಎಳೆಯ ಬುಡದಲ್ಲಿ ಕೂರುತ್ತದೆ. ಅದು ನೀರಿನಲ್ಲಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದಾಗ ಮತ್ತೆ ವಾಸನೆ ಬಿಡುತ್ತದೆ. ಸಾಕುಪ್ರಾಣಿಗಳಿಗೆ ಅಂತಲೇ ಮಾಡಿದ ಕಿಣ್ವದ ದ್ರಾವಣ ಸಿಗುತ್ತದೆ, ಅದನ್ನು ಹಾಕಿ. ಡಬ್ಬಿಯ ಮೇಲೆ ಎಷ್ಟು ಹೊತ್ತು ಅಂತ ಬರೆದಿದೆಯೋ ಅಷ್ಟು ಹೊತ್ತು ಹಸಿಯಾಗಿಯೇ ಬಿಡಬೇಕು. ಹತ್ತು ನಿಮಿಷಕ್ಕೆ ಒರೆಸಿದರೆ ಕಿಣ್ವ ಕೆಲಸ ಶುರು ಮಾಡುವ ಮೊದಲೇ ತೆಗೆದ ಹಾಗೆ. ಉಣ್ಣೆಯ ಕಾರ್ಪೆಟ್ ಆದರೆ 'ಉಣ್ಣೆಗೆ ಸರಿ' ಅಂತ ಬರೆದಿರುವುದನ್ನೇ ತನ್ನಿ. ಪ್ರೋಟೀನ್ ಒಡೆಯುವ ಕಿಣ್ವ ಉಣ್ಣೆಯನ್ನೂ ತಿನ್ನುತ್ತದೆ. ಉಣ್ಣೆಯೂ ಪ್ರೋಟೀನೇ ತಾನೆ.

ಬೆಕ್ಕಿನ ಮನೆ
ಹಾಗಾದರೆ ಹೂಬಿಸಿಲು ಹಾಕಿದ ಬಟ್ಟೆ ಪೌಡರ್‌ನಲ್ಲೂ ಕಿಣ್ವ ಇರುತ್ತದಲ್ವಾ?

ರಸಾಯನ ಮೇಷ್ಟ್ರು
ಬಹಳಷ್ಟು ಪೌಡರ್‌ಗಳಲ್ಲಿ ಇರುತ್ತದೆ. ಕ್ಷಾರ ಅಂತೂ ಇದ್ದೇ ಇರುತ್ತದೆ. ಒಳ್ಳೆಯ ಪ್ರಶ್ನೆ ಕೇಳಿದಿರಿ.

ಹೂಬಿಸಿಲು
ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ, ಬೂದಿ ಮುಟ್ಟಿದರೆ ಕಪ್ಪು ಪುಡಿ. ಉಣ್ಣೆಯೇ. ಪೌಡರ್ ಹಾಕಿದ್ದಕ್ಕೆ ಈಗ ಭಯವಾಗುತ್ತಿದೆ.

ಹಳೇ ಕೈ
ಭಯ ಬೇಡಮ್ಮ. ಮೂರು ಸಲಕ್ಕೆ ಉಣ್ಣೆ ಹೋಗುವುದಿಲ್ಲ. ಆದರೆ ಆ ಪೌಡರ್ ಒಳಗೇ ಉಳಿಯಬಾರದು.

ಈಗ ಉಂಗುರದ ವಿಷಯ. ಕಾರ್ಪೆಟ್ ಮೇಲೆ ನಮಗೆ ಕಾಣುವುದು ಎಳೆಯ ತುದಿ ಮಾತ್ರ. ಚೆಲ್ಲಿದ್ದು ಬುಡಕ್ಕೆ ಇಳಿದು ಅಲ್ಲಿ ನಿಂತಿರುತ್ತದೆ. ನೀವು ಉಜ್ಜಿ ತುದಿ ಸ್ವಚ್ಛ ಮಾಡಿದಿರಿ. ಒಣಗುವಾಗ ನೀರು ಮೇಲಿನಿಂದ ಆವಿಯಾಗುತ್ತದೆ. ಆಗ ಬುಡದ ನೀರು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆ ಹಿಡಿದು ಮೇಲೆ ಹತ್ತುತ್ತದೆ. ಜೊತೆಗೆ ಬಣ್ಣವನ್ನೂ ತರುತ್ತದೆ. ನೀರು ಹಾರಿ ಹೋಗುತ್ತದೆ, ಬಣ್ಣ ತುದಿಯಲ್ಲಿ ಉಳಿಯುತ್ತದೆ. ನೀವು ಇನ್ನಷ್ಟು ನೀರು ಹಾಕಿದಷ್ಟೂ ಇನ್ನಷ್ಟು ಅಗಲಕ್ಕೆ ಹರಡುತ್ತದೆ.

ನನ್ನ ಅನುಮಾನ ಇನ್ನೊಂದಿದೆ. ಒಂದು ಗೇಣು ಎರಡು ಗೇಣಾಗಿದೆ ಅಂದರೆ ಆ ಕಂದು ಪೂರ್ತಿ ಕಾಫಿಯದಲ್ಲ. ಹಾಸಿನ ಹತ್ತಿ ದಾರ ತುಂಬಾ ಹೊತ್ತು ಒದ್ದೆಯಾಗಿದ್ದರೆ, ಅದರಲ್ಲೂ ಕ್ಷಾರ ಸೇರಿದ್ದರೆ, ದಾರವೇ ಕಂದು ಬಣ್ಣ ಬಿಡುತ್ತದೆ. ಸೆಣಬಿನ ಹಾಸಿದ್ದರೆ ಇನ್ನೂ ಜಾಸ್ತಿ. ಆ ಬಣ್ಣವೂ ಬತ್ತಿಯ ಹಾಗೇ ಮೇಲೆ ಬರುತ್ತದೆ. ಕಲೆಯನ್ನು ಹುಡುಕಿಕೊಂಡು ಮತ್ತೆ ಮತ್ತೆ ತೊಳೆಯುವುದರಿಂದಲೇ ಹೊಸ ಕಲೆ ಹುಟ್ಟುತ್ತಿದೆ.

ಸೂಜಿದಾರ
ಇದು ನನಗೆ ಹೊಸದು. ಅಂದರೆ ಒಂದು ಚೂರೂ ಕಾಫಿ ಬೀಳದಿದ್ದರೂ ಕಂದು ಬರಬಹುದಾ?

ಹಳೇ ಕೈ
ಬರೀ ನೀರು ಹಾಕಿ ಎರಡು ದಿನ ಒದ್ದೆ ಬಿಟ್ಟರೂ ಬರಬಹುದು. ಒಮ್ಮೆ ಪೈಪ್ ಒಡೆದ ಮನೆಗೆ ಹೋಗಿದ್ದೆ. ಶುದ್ಧ ನೀರು ಹರಿದ ಕಾರ್ಪೆಟ್ ಮೇಲೆ ಚಹಾ ಚೆಲ್ಲಿದ ಹಾಗೆ ಉಂಗುರಗಳು.

ಮಾಡಬೇಕಾದದ್ದು ಇದು. ಮೊದಲು ಒಣಗಿದ ಕಾರ್ಪೆಟ್ ಅನ್ನು ವ್ಯಾಕ್ಯೂಮ್ ಮಾಡಿ. ಕೆಳಗೆ ದಪ್ಪ ಟವೆಲ್ ಹಾಸಿ. ಉಗುರುಬೆಚ್ಚಗಿನ ನೀರು ನಾಲ್ಕು ಪಾಲು, ಬಿಳಿ ವಿನೆಗರ್ ಒಂದು ಪಾಲು, ಸೋಪು ಬೇಡ. ಮೂಲೆಯಲ್ಲಿ ಒಂದು ತೊಟ್ಟು ಹಾಕಿ ಬಿಳಿ ಬಟ್ಟೆ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಸ್ಪ್ರೇ ಬಾಟಲಿಯಲ್ಲಿ ಅಂಚಿನಿಂದ ನಡುವಿನ ಕಡೆಗೆ ಹಗುರವಾಗಿ ಸಿಂಪಡಿಸಿ, ಒಣ ಬಿಳಿ ಬಟ್ಟೆ ಇಟ್ಟು ಮೈ ಭಾರ ಹಾಕಿ ಒತ್ತಿ. ಬಟ್ಟೆ ಬದಲಿಸುತ್ತಾ ಹೋಗಿ. ಅಂಟು ಹೋಗುವವರೆಗೆ ಮಾಡಿ, ಕೊನೆಗೆ ಬರೀ ನೀರಲ್ಲಿ ಒಂದು ಸಲ.

ಆಮೇಲೆ ಮಡಚಿದ ಒಣ ಟವೆಲ್ ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕೈದು ದಪ್ಪ ಪುಸ್ತಕ. ಒಂದೆರಡು ಗಂಟೆಗೊಮ್ಮೆ ಟವೆಲ್ ಬದಲಿಸಿ. ಈಗ ಬುಡದ ನೀರು ಹತ್ತುವುದು ಟವೆಲ್‌ಗೆ, ಎಳೆಯ ತುದಿಗಲ್ಲ. ಟವೆಲ್ ಒದ್ದೆಯಾಗುವುದು ನಿಂತ ಮೇಲೆ ಎತ್ತಿ ಎರಡೂ ಕಡೆ ಫ್ಯಾನ್ ಬಿಡಿ. 24 ಗಂಟೆಯೊಳಗೆ ಪೂರ್ತಿ ಒಣಗಲೇಬೇಕು. ಅದಕ್ಕಿಂತ ತಡವಾದರೆ ಬೂಷ್ಟು ಶುರುವಾಗಬಹುದು.

ಮೂರನೇ ಮಹಡಿ
ಬ್ಲೀಚ್ ಅಂದಿದ್ದು ನಾನು. ತಪ್ಪು, ತಿದ್ದಿಕೊಂಡೆ. ಆದರೆ ಇಷ್ಟೆಲ್ಲಾ ಯಾಕೆ? ಸ್ಟೀಮ್ ಮೆಷಿನ್ ಬಾಡಿಗೆಗೆ ತಂದರೆ ಅರ್ಧ ಗಂಟೆಯ ಕೆಲಸ ಅಲ್ವಾ?

ಹಳೇ ಕೈ
ಹೆಸರು ಸ್ಟೀಮ್, ಒಳಗೆ ಸ್ಟೀಮ್ ಇರುವುದಿಲ್ಲ. ಬಿಸಿನೀರು ಚಿಮ್ಮಿಸಿ ತಕ್ಷಣ ಎಳೆದುಕೊಳ್ಳುವ ಮೆಷಿನ್ ಅದು. ನೈಲಾನ್, ಪಾಲಿಯೆಸ್ಟರ್ ಕಾರ್ಪೆಟ್‌ಗೆ ತುಂಬಾ ಒಳ್ಳೆಯದು. ಉಣ್ಣೆಯ ಗಂಟಿನ ಕಾರ್ಪೆಟ್‌ಗೆ, ಈಗಾಗಲೇ ಬುಡ ಕಂದಾಗಿರುವಾಗ, ಇನ್ನೊಂದು ಬಕೆಟ್ ಬಿಸಿನೀರು ಬೇಡ. ಬಾಡಿಗೆ ಮೆಷಿನ್‌ಗಳ ಎಳೆಯುವ ಶಕ್ತಿ ಕಡಿಮೆ, ಅರ್ಧ ನೀರು ಒಳಗೇ ಬಿಡುತ್ತವೆ. ಬಳಸುವವರು ಒಂದು ಸಲ ನೀರು ಬಿಟ್ಟರೆ ಮೂರು ಸಲ ಬರೀ ಎಳೆಯಿರಿ. ಶಾಂಪೂ ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಹಾಕಲೇಬೇಡಿ. ಉಳಿದ ಶಾಂಪೂ ಅಂಟಾಗಿ ಧೂಳು ಹಿಡಿಯುತ್ತದೆ. ತೊಳೆದ ತಿಂಗಳಿಗೇ ಮೊದಲಿಗಿಂತ ಕೊಳೆಯಾಯಿತು ಅಂತ ಜನ ಹೇಳುವುದು ಇದಕ್ಕೇ.

ಕಿಟಕಿ
ನಮ್ಮದು ಪಾಲಿಪ್ರೊಪಿಲೀನ್. ಕಾಫಿ, ಜ್ಯೂಸ್ ಏನು ಬಿದ್ದರೂ ಒರೆಸಿದರೆ ಸಾಕು. ಆದರೆ ಓಡಾಡುವ ದಾರಿಯಲ್ಲಿ ಉದ್ದಕ್ಕೂ ಕಪ್ಪು ಪಟ್ಟಿ, ಏನು ಮಾಡಿದರೂ ಹೋಗುವುದಿಲ್ಲ.

ಹಳೇ ಕೈ
ಆ ಎಳೆ ನೀರು ಹೀರುವುದೇ ಇಲ್ಲ, ಆದರೆ ಎಣ್ಣೆ ಜಿಡ್ಡು ಚೆನ್ನಾಗಿ ಹಿಡಿಯುತ್ತದೆ. ಪಾದದ ಜಿಡ್ಡು, ಅದರ ಮೇಲೆ ಧೂಳು. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಬೆಚ್ಚಗಿನ ನೀರಿಗೆ ಹಾಕಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ನೀರು ಹಾಕಿ ಎಳೆಯಿರಿ. ಪಟ್ಟಿ ಸ್ವಲ್ಪ ಉಳಿದರೆ ಅದು ಕೊಳೆಯಲ್ಲ, ಸವೆತ. ಮರಳಿನ ಕಣ ಎಳೆಯನ್ನು ಗೀಚಿ ಹೊಳಪು ತೆಗೆದಿರುತ್ತದೆ. ಸವೆತಕ್ಕೆ ಯಾವ ಸೋಪೂ ಇಲ್ಲ.

ದೊಡ್ಡಕ್ಕ
ಮರಳು ಅಂದಿರಲ್ಲ, ಅದನ್ನು ಎಲ್ಲರೂ ಕೇಳಬೇಕು. ನಾನು ವಾರಕ್ಕೆ ಎರಡು ಸಲ ತಪ್ಪದೆ ವ್ಯಾಕ್ಯೂಮ್ ಮಾಡುವವಳು. ನೆಲ ಬದಲಿಸಲು ಕಾರ್ಪೆಟ್ ಮಗುಚಿ ಹಾಕಿದ್ದೆವು. ಅದರ ಹಿಂಬದಿಯ ಮೇಲೆ ಮಗ ನಡೆದಾಡಿದ. ಎತ್ತಿ ನೋಡಿದರೆ ನೆಲದ ಮೇಲೆ ನುಣ್ಣನೆ ಬೂದು ಮರಳಿನ ಗೆರೆಗಳು, ಅವನ ಹೆಜ್ಜೆ ಬಿದ್ದಲ್ಲೆಲ್ಲಾ ಒಂದೊಂದು ಗುಪ್ಪೆ. ಗುಡಿಸಿದರೆ ಮೊರದ ತುಂಬ ಬಂತು. ಅಂದಿನಿಂದ ತಿಂಗಳಿಗೊಮ್ಮೆ ಮಗುಚಿ, ಹಿಂಬದಿ ವ್ಯಾಕ್ಯೂಮ್ ಮಾಡಿ, ನೆಲ ಗುಡಿಸಿ, ಮತ್ತೆ ಮುಂದೆ ಮಾಡುತ್ತೇನೆ.

ಬೆಕ್ಕಿನ ಮನೆ
ಹಗ್ಗಕ್ಕೆ ಹಾಕಿ ಕೋಲಿನಲ್ಲಿ ಬಡಿದರೆ ಸಾಕಲ್ವಾ? ನಮ್ಮಜ್ಜಿ ಹಾಗೇ ಮಾಡುತ್ತಿದ್ದರು.

ಹಳೇ ಕೈ
ಗಂಟಿನದಕ್ಕೆ ಸರಿ, ಹಿಂಬದಿಯಿಂದ ಮೆತ್ತಗೆ ಬಡಿಯಿರಿ. ಹಿಂದೆ ಬಟ್ಟೆ ಅಂಟಿಸಿದ ಟಫ್ಟೆಡ್ ಕಾರ್ಪೆಟ್ ಬಡಿಯಬೇಡಿ. ಅದರ ಎಳೆಗಳನ್ನು ಹಿಡಿದಿರುವುದು ಲ್ಯಾಟೆಕ್ಸ್ ಅಂಟು. ಬಡಿದರೆ ಅದು ಪುಡಿಯಾಗಿ ಉದುರುತ್ತದೆ.

ಪುಟ್ಟಿಯಪ್ಪ
ಮಗಳಿಗೆ ಧೂಳಿನ ಅಲರ್ಜಿ. ಕಾರ್ಪೆಟ್ ಇಟ್ಟುಕೊಳ್ಳುವುದೇ ತಪ್ಪು ಅನ್ನುತ್ತಾರೆ ಎಲ್ಲರೂ. ನೀವೇನು ಹೇಳುತ್ತೀರಿ?

ದೊಡ್ಡಕ್ಕ
ಮಗುವಿನ ಮಲಗುವ ಕೋಣೆಯಲ್ಲಿ ಇಡಬೇಡಪ್ಪ. ಹಾಲ್‌ನಲ್ಲಿ ಇರಲಿ, ದಿನಾ ವ್ಯಾಕ್ಯೂಮ್ ಮಾಡು. ಮಾಡುವಾಗ ಮಗು ಆ ಕೋಣೆಯಲ್ಲಿ ಬೇಡ.

ರಸಾಯನ ಮೇಷ್ಟ್ರು
ದೊಡ್ಡಕ್ಕ ಹೇಳಿದ್ದು ಸರಿ. ಜೊತೆಗೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇರಲಿ. 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು ಅನ್ನುವುದು ಅದರ ಲೆಕ್ಕ. ಸಾದಾ ಚೀಲದ ವ್ಯಾಕ್ಯೂಮ್ ನುಣ್ಣನೆ ಧೂಳನ್ನು ಹಿಂದಿನಿಂದ ಮತ್ತೆ ಗಾಳಿಗೇ ಬಿಡುತ್ತದೆ. ಅಲರ್ಜಿ ಬರುವುದು ಧೂಳುನುಸಿಯ ಹಿಕ್ಕೆಯಿಂದ. ಅವು ಗಾಳಿಯ ತೇವದಿಂದಲೇ ಬದುಕುವುದು, ಹಾಗಾಗಿ ಕೋಣೆಯ ತೇವ 50 ಶೇಕಡಾಕ್ಕಿಂತ ಕೆಳಗಿದ್ದರೆ ಹೆಚ್ಚುವುದಿಲ್ಲ.

ನವಿಲುಗರಿ
ವ್ಯಾಕ್ಯೂಮ್ ಮಾತು ಬಂತಲ್ಲ, ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಮೊದಲ ವ್ಯಾಕ್ಯೂಮ್ ಎಷ್ಟು ದೊಡ್ಡದಿತ್ತು ಅಂದರೆ ಅದನ್ನು ಕುದುರೆ ಗಾಡಿಯಲ್ಲಿ ಎಳೆದು ತರಬೇಕಿತ್ತು. ಗಾಡಿ ಬೀದಿಯಲ್ಲೇ ನಿಲ್ಲುತ್ತಿತ್ತು. ಉದ್ದನೆಯ ಪೈಪ್‌ಗಳನ್ನು ಕಿಟಕಿಯಿಂದ ಮನೆಯೊಳಗೆ ಬಿಡುತ್ತಿದ್ದರು. ಅದಕ್ಕೂ ಮೊದಲಿನ ಕೆಲವು ಯಂತ್ರಗಳು ಧೂಳನ್ನು ಊದುತ್ತಿದ್ದವು. ಊದುವ ಬದಲು ಎಳೆದರೆ ಹೇಗೆ ಅಂತ ಬೂತ್ ಯೋಚಿಸಿದರು.

ಸೂಜಿದಾರ
ಊದುತ್ತಿದ್ದರಾ? ಹಾಗಾದರೆ ಧೂಳೆಲ್ಲಾ ಕೋಣೆಯಲ್ಲೇ!

ಮೂರನೇ ಮಹಡಿ
ಬಾಲ್‌ಪೆನ್ ಇಂಕ್ ಬಿದ್ದರೆ? ಮಗ ನೆಲದ ಮೇಲೆ ಕೂತು ಬರೆಯುತ್ತಾನೆ.

ಗುಬ್ಬಿಗೂಡು
ಐಸೊಪ್ರೊಪೈಲ್ ಆಲ್ಕೋಹಾಲ್. ಕಾರ್ಪೆಟ್ ಮೇಲೆ ಸುರಿಯಬೇಡಿ, ಬಟ್ಟೆಗೆ ಹಾಕಿ ಒತ್ತಿ. ಸುರಿದರೆ ಇಂಕ್ ಬುಡಕ್ಕೆ ಇಳಿಯುತ್ತದೆ. ರಕ್ತ ಆದರೆ ತಣ್ಣೀರು ಮಾತ್ರ, ಬಿಸಿನೀರು ಬಿದ್ದರೆ ಗಟ್ಟಿ ಹಿಡಿದು ಕೂರುತ್ತದೆ. ಮೇಣ, ಚೂಯಿಂಗ್ ಗಮ್ ಐಸ್ ಇಟ್ಟು ಗಟ್ಟಿ ಮಾಡಿ ಬಿಡಿಸಿ.

ಹೂಬಿಸಿಲು
ಮಾಡಿದೆ. ನಿನ್ನೆ ಬೆಳಗ್ಗೆ ಎಂಟಕ್ಕೆ ಶುರು ಮಾಡಿದ್ದು.

ವಿನೆಗರ್ ನೀರು ಸಿಂಪಡಿಸಿ ಒತ್ತಿದರೆ ಮೊದಲ ಬಟ್ಟೆಯಲ್ಲಿ ಬಂದಿದ್ದು ಕಂದು ಅಲ್ಲ, ಬೆಳ್ಳನೆ ನೊರೆ. ಹದಿನೈದು ದಿನದ ಹಿಂದಿನ ಸೋಪು! ಆರು ಬಟ್ಟೆ ಬದಲಿಸುವವರೆಗೂ ನೊರೆ ಬರುತ್ತಲೇ ಇತ್ತು. ಏಳನೆಯದರಲ್ಲಿ ನಿಂತಿತು. ಎಳೆ ಕೈಗೆ ಮೆತ್ತಗೆ ಸಿಕ್ಕಿತು, ಅಂಟು ಇಲ್ಲ.

ಟವೆಲ್ ಇಟ್ಟು ನಿಘಂಟು, ಹಳೇ ಆಲ್ಬಮ್‌ಗಳನ್ನೆಲ್ಲಾ ಮೇಲಿಟ್ಟೆ. ಮೊದಲ ಸಲ ಎತ್ತಿದಾಗ ಬಿಳಿ ಟವೆಲ್ ಮೇಲೆ ತಿಳಿ ಕಂದು ಉಂಗುರ, ಕಾರ್ಪೆಟ್ ಮೇಲೆ ಇದ್ದ ಅದೇ ಆಕಾರ. ಎರಡನೆಯ ಟವೆಲ್‌ನಲ್ಲಿ ಇನ್ನೂ ತಿಳಿ. ನಾಲ್ಕನೆಯದು ಬರೀ ಒದ್ದೆ, ಬಣ್ಣ ಇಲ್ಲ. ರಾತ್ರಿ ಎರಡು ಕುರ್ಚಿಗಳ ಮೇಲೆ ಹಾಕಿ ಕೆಳಗೊಂದು, ಮೇಲೊಂದು ಫ್ಯಾನ್ ಬಿಟ್ಟೆ. ಇವತ್ತು ಬೆಳಗ್ಗೆ ಪೂರ್ತಿ ಒಣಗಿದೆ. ಉಂಗುರ ಇಲ್ಲ. ನಡುವೆ, ಕಾಫಿ ಬಿದ್ದ ಕಡೆ, ತುಂಬಾ ತಿಳಿಯಾದ ನೆರಳು ಉಳಿದಿದೆ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ವಾಸನೆ ಮೂಗು ಹತ್ತಿರ ತಂದರೆ ಸ್ವಲ್ಪ ಇದೆ.

ಆ ನೆರಳಿಗೆ ಇನ್ನೊಂದು ಸಲ ಮಾಡಲಾ?

ಹಳೇ ಕೈ
ತುಂಬಾ ಸಂತೋಷವಾಯಿತು. ಈಗಲೇ ಬೇಡ. ಹಾಸಿನ ದಾರ ಒಂದು ವಾರ ಪೂರ್ತಿ ಒಣಗಲಿ. ಆಮೇಲೆ ನೆರಳಿನಷ್ಟೇ ಜಾಗಕ್ಕೆ, ಅಂಗೈ ಅಗಲ ಮಾತ್ರ, ಅದೇ ವಿನೆಗರ್ ನೀರು, ಅದೇ ಟವೆಲ್. ಎರಡು ಸಲಕ್ಕೆ ಹೋಗದಿದ್ದರೆ ಬಿಟ್ಟುಬಿಡಿ. ಕಾಫಿ ಬಣ್ಣ ಉಣ್ಣೆಗೆ ಹಿಡಿದಿರುತ್ತದೆ, ಅದನ್ನು ಕೀಳಲು ಹೋದರೆ ಕಾರ್ಪೆಟ್‌ನ ಬಣ್ಣವೂ ಬರುತ್ತದೆ.

ವಾಸನೆಗೆ ಈಗ ಒಣ ಸೋಡಾ ತೆಳ್ಳಗೆ ಉದುರಿಸಿ, ಬೆಳಗ್ಗೆ ತೆಗೆಯಿರಿ. ಮತ್ತೆ ಹಾಸುವ ಮೊದಲು ಹಿಂಬದಿಗೆ ಕೈ ಇಟ್ಟು ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ತೇವ ಇದೆ ಅಂತ ಅರ್ಥ.

ಸೂಜಿದಾರ
ಸೋಡಾ ಮಾತ್ರ ಹೂಬಿಸಿಲು, ವಿನೆಗರ್ ಅದರ ಮೇಲೆ ಬೇಡ. ಮೇಷ್ಟ್ರು ಹೇಳಿದ ಹಾಗೆ ನಾನೂ ಡೋರ್‌ಮ್ಯಾಟ್ ಮೇಲಿನ ಒಂದು ಕಲೆಯನ್ನು ಅರ್ಧರ್ಧ ಮಾಡಿ ನೋಡಿದೆ. ಎರಡೂ ಕಡೆ ಒಂದೇ ಥರ ಹೋಯಿತು.

ಹೂಬಿಸಿಲು
ಹಿಂಬದಿಗೆ ಕೈ ಇಟ್ಟು ನೋಡಿದೆ, ಒಂದು ಕಡೆ ಇನ್ನೂ ತಣ್ಣಗಿದೆ. ಫ್ಯಾನ್ ಮತ್ತೆ ಹಾಕಿದ್ದೇನೆ.